ಮರದ ಪಾತ್ರೆಯ ಒಳಗನ್ನು ಕೊರೆಯುವುದು: ಒಡೆದ ಜಾಗ ಒಂದು, ಎಡವಿದ ಜಾಗ ಇನ್ನೊಂದು

ಲೇತ್ ಮೇಲೆ, ಅಂದರೆ ಮರವನ್ನು ತಿರುಗಿಸುವ ಯಂತ್ರದ ಮೇಲೆ, ಬಟ್ಟಲು ಕಡೆಯಲು ಬರುತ್ತದೆ. ಆದರೆ ಬಾಯಿ ಚಿಕ್ಕದಾಗಿ ಹೊಟ್ಟೆ ದೊಡ್ಡದಾಗಿರುವ ಹೂಜಿಯಂಥ ಪಾತ್ರೆಗೆ ಕೈ ಹಾಕಿದರೆ ಪ್ರತಿ ಸಲವೂ ಏನೋ ಒಂದು ಆಗುತ್ತದೆ. ತಳ ತೂತಾಗುತ್ತದೆ. ಗೋಡೆ ಒಡೆಯುತ್ತದೆ. ಇಲ್ಲವೇ ಮರವನ್ನು ಹಿಡಿದಿಡುವ ಚಕ್‌ನಿಂದ ಕಿತ್ತುಕೊಂಡು ಹಾರುತ್ತದೆ. "ನನ್ನ ಕೈ ಇನ್ನೂ ಪಳಗಿಲ್ಲ" ಅಂದುಕೊಂಡು ಇನ್ನೊಂದು ತುಂಡು ಏರಿಸುತ್ತೇವೆ. ಅದೂ ಅಲ್ಲೇ ಒಡೆಯುತ್ತದೆ.

ನಾನು ಒಡೆದ ಪಾತ್ರೆಗಳನ್ನು ಒಂದಷ್ಟು ಕಾಲ ಎಸೆಯುತ್ತಿದ್ದೆ. ಆಮೇಲೆ ಕುಯ್ದು ನೋಡಲು ಶುರು ಮಾಡಿದೆ. ಆಗ ಗೊತ್ತಾಗಿದ್ದು ಇಷ್ಟು: ಪಾತ್ರೆ ಒಡೆದದ್ದು ಆರನೇ ಹಂತದಲ್ಲಿ, ತಪ್ಪಾಗಿದ್ದು ಎರಡನೇ ಹಂತದಲ್ಲಿ. ಹಾಗಾಗಿ ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ. ಬೇಜಾರೆನಿಸುವ ಹಂತಗಳೇ ಪಾತ್ರೆಯನ್ನು ಉಳಿಸುವುದು.

ಮೊದಲ ಪಾತ್ರೆಗೆ ಒಂದು ಅಳತೆ ಇಟ್ಟುಕೊಳ್ಳೋಣ: ಎತ್ತರ 120 ಮಿಮೀ, ಹೊಟ್ಟೆಯ ಅಗಲ 100 ಮಿಮೀ, ಬಾಯಿ 40 ಮಿಮೀ. ಮುಂದಿನ ಲೆಕ್ಕವೆಲ್ಲ ಇದೇ ಪಾತ್ರೆಗೆ. ಬಾಯಿ ಇದಕ್ಕಿಂತ ಚಿಕ್ಕದು ಮಾಡುವ ಆಸೆ ಸದ್ಯಕ್ಕೆ ಬೇಡ.

## ಬೇಕಾಗುವ ಸಾಮಾನು

ನಾಲ್ಕು ದವಡೆಯ ಚಕ್, ಹೊರಮೈ ಕಡೆಯಲು ಒಂದು ಗೌಜ್, ಗೂಟ (ಚಕ್ ಹಿಡಿಯಲು ಪಾತ್ರೆಯ ಬುಡದಲ್ಲಿ ಬಿಡುವ ಮೋಟು) ಮಾಡಲು ಒಂದು ಪಾರ್ಟಿಂಗ್ ಟೂಲ್. ಒಳಗೆ ಕೊರೆಯಲು ನೇರ ಟೂಲ್ ಒಂದು, ಬಾಗಿದ ಟೂಲ್ ಒಂದು. ಎರಡರ ಮೊನೆಯೂ ಚಿಕ್ಕದಿರಲಿ, ಸುಮಾರು 5 ಮಿಮೀ ಅಗಲದ ದುಂಡು ಮೊನೆ ಸಾಕು. ಅಗಲವಾದ ಸ್ಕ್ರೇಪರ್ (ಹೆರೆಯುವ ಟೂಲ್) ಬೇಗ ಕೆಲಸ ಮುಗಿಸುತ್ತದೆ ಅನಿಸುತ್ತದೆ, ಆದರೆ ಅಷ್ಟೇ ಬೇಗ ಮರದಲ್ಲಿ ಕಚ್ಚಿಕೊಳ್ಳುತ್ತದೆ.

ಟೂಲ್‌ನ ಸರಳು ದಪ್ಪ ಇರಬೇಕು. 12 ಮಿಮೀ ಸರಳಿಗಿಂತ 16 ಮಿಮೀ ಸರಳು ಸುಮಾರು ಮೂರು ಪಟ್ಟು ಗಡುಸು. ನಾಲ್ಕೇ ಮಿಮೀ ವ್ಯತ್ಯಾಸಕ್ಕೆ ಇಷ್ಟು ಲಾಭ ಬೇರೆ ಯಾವುದರಲ್ಲೂ ಸಿಗುವುದಿಲ್ಲ.

ಅಳೆಯುವುದಕ್ಕೆ ಒಂದು ಆಳದ ಕಡ್ಡಿ, ಗೋಡೆಯ ದಪ್ಪ ನೋಡಲು ಒಂದು ಕ್ಯಾಲಿಪರ್ ಬೇಕು. ಕ್ಯಾಲಿಪರ್ ಇಲ್ಲದಿದ್ದರೆ ದಪ್ಪ ತಂತಿ ಬಗ್ಗಿಸಿ ಮಾಡಿಕೊಳ್ಳಬಹುದು, ಅದು ಹೇಗೆಂದು ಮುಂದೆ ಹೇಳಿದ್ದೇನೆ. ಜೊತೆಗೆ ಡ್ರಿಲ್ ಚಕ್, 25 ಮಿಮೀ ಡ್ರಿಲ್ ಬಿಟ್, ಹೊಟ್ಟು ಊದಿ ತೆಗೆಯಲು ಗಾಳಿ ಕೊಳವೆ.

ಮುಖವನ್ನು ಪೂರ್ತಿ ಮುಚ್ಚುವ, ಏಟು ತಡೆಯುವ ಫೇಸ್ ಶೀಲ್ಡ್ ಮತ್ತು ಧೂಳಿನ ಮಾಸ್ಕ್ ಇಲ್ಲದೆ ಈ ಕೆಲಸ ಶುರು ಮಾಡಬೇಡಿ. ಬರೀ ಕನ್ನಡಕ ಕಣ್ಣನ್ನು ಕಾಯುತ್ತದೆ, ಮುಖದ ದವಡೆಯನ್ನಲ್ಲ. ಗ್ಲವ್ಸ್ ಹಾಕಬೇಡಿ. ಉದ್ದ ತೋಳಿದ್ದರೆ ಮಣಿಕಟ್ಟಿನ ಹತ್ತಿರ ಬಿಗಿಯಾಗಿರಲಿ.

## ಹಂತ 1: ಮರದ ತುಂಡು ಆರಿಸುವುದು

ಎತ್ತರದ ಪಾತ್ರೆಗೆ ಮರದ ಎಳೆಗಳು ಲೇತ್‌ನ ಉದ್ದಕ್ಕೂ ಓಡುವಂತೆ ತುಂಡು ಇಡಿ. ಅಂದರೆ ಬಾಯಿಯ ಕಡೆಯಿಂದ ನೋಡಿದರೆ ವರ್ಷದ ಉಂಗುರಗಳು ಕಾಣಬೇಕು. ಹೀಗಿಟ್ಟರೆ ಒಳಗೆ ಕೊರೆಯುವಾಗ ಮೊನೆಯನ್ನು ನಡುವಿನಿಂದ ಹೊರಗೋಡೆಯ ಕಡೆಗೆ ಎಳೆಯಬೇಕು. ಎಳೆ ಅಡ್ಡ ಇರುವ ಬಟ್ಟಲಿನಲ್ಲಿ ಅಂಚಿನಿಂದ ನಡುವಿಗೆ ಹೋಗುತ್ತೇವೆ. ಇಲ್ಲಿ ಅದು ಉಲ್ಟಾ. ಬಟ್ಟಲು ಕಡೆದು ರೂಢಿಯಾದ ಕೈ ಇಲ್ಲಿ ತಾನಾಗಿಯೇ ತಪ್ಪು ದಿಕ್ಕಿಗೆ ಹೋಗುತ್ತದೆ.

ಮರದ ನಡುವಿನ ತಿರುಳು ಪಾತ್ರೆಯೊಳಗೆ ಬಾರದ ಹಾಗೆ ತುಂಡು ಕತ್ತರಿಸಿ. ಮರ ಒಣಗುವಾಗ ಉಂಗುರದ ಗುಂಟ ಕುಗ್ಗುವುದು ಜಾಸ್ತಿ, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದು ಅದರ ಸುಮಾರು ಅರ್ಧ, ಉದ್ದಕ್ಕಂತೂ ಇಲ್ಲವೇ ಇಲ್ಲ ಅನ್ನಬಹುದು. ಈ ಎಳೆದಾಟ ತಿರುಳಿನಲ್ಲಿ ಬಿರುಕಾಗಿ ಬಿಡುತ್ತದೆ. ತಿರುಳು ನಡುವಿನಲ್ಲೇ ಇದ್ದರೆ ಕೊರೆಯುವಾಗ ಹೊರಟುಹೋಗುತ್ತದೆ ಅಲ್ವಾ ಅಂತ ಕೇಳಬಹುದು. ಗೋಡೆಯಿಂದ ಹೋಗುತ್ತದೆ, ತಳದಲ್ಲಿ ಉಳಿಯುತ್ತದೆ. ಎಲ್ಲ ಮುಗಿದು ಎಣ್ಣೆ ಹಚ್ಚಿ ಇಟ್ಟ ಮೇಲೆ ತಳದಲ್ಲಿ ನಕ್ಷತ್ರದಂಥ ಬಿರುಕು ಬಿದ್ದರೆ ಅದರ ಮೂಲ ಇಲ್ಲೇ.

ಹಸಿ ಮರವೋ ಒಣಗಿದ್ದೋ ಎಂಬುದನ್ನು ಈಗಲೇ ತೀರ್ಮಾನಿಸಿ. ಹಸಿ ಮರ ಬೆಣ್ಣೆಯ ಹಾಗೆ ಕೊರೆಯುತ್ತದೆ, ಆದರೆ ಶುರು ಮಾಡಿದ ದಿನವೇ ಮುಗಿಸಬೇಕು. ಅರ್ಧಕ್ಕೆ ಬಿಟ್ಟು ಮರುದಿನ ಬಂದರೆ ಪಾತ್ರೆ ದುಂಡಗಿರುವುದಿಲ್ಲ, ಮೊಟ್ಟೆಯ ಆಕಾರಕ್ಕೆ ತಿರುಗಿರುತ್ತದೆ. ಮೊನೆ ಒಂದು ಪಕ್ಕಕ್ಕೆ ತಾಗುತ್ತದೆ, ಇನ್ನೊಂದು ಪಕ್ಕಕ್ಕೆ ತಾಗುವುದಿಲ್ಲ. ಬಿಡಲೇಬೇಕಾದರೆ ಹಸಿ ಹೊಟ್ಟನ್ನು ಒಳಗೆ ತುಂಬಿ, ಪ್ಲಾಸ್ಟಿಕ್ ಚೀಲ ಸುತ್ತಿ ಬಿಡಿ.

ಪೂರ್ತಿ ದುಂಡಗೇ ಇರಬೇಕು ಅಂದರೆ ಎರಡು ಸಲ ಕಡೆಯಬೇಕು. ಮೊದಲು ಗೋಡೆಯನ್ನು ಅಗಲದ ಹತ್ತನೇ ಒಂದು ಭಾಗದಷ್ಟು ದಪ್ಪ ಬಿಡಿ, ನಮ್ಮ ಪಾತ್ರೆಗೆ 10 ಮಿಮೀ. ವಾರಕ್ಕೊಮ್ಮೆ ತೂಕ ನೋಡಿ. ತೂಕ ಇಳಿಯುವುದು ನಿಂತ ಮೇಲೆ ಮತ್ತೆ ಏರಿಸಿ ಮುಗಿಸಿ. ಗೂಟವೂ ವಕ್ರವಾಗಿರುತ್ತದೆ, ಅದನ್ನು ಮೊದಲು ಸರಿಮಾಡಿ.

## ಹಂತ 2: ಹಿಡಿತ

ಪಾತ್ರೆ ಹಾರಿದ್ದರೆ ತಪ್ಪು ಹೆಚ್ಚಾಗಿ ಇಲ್ಲೇ ಆಗಿರುತ್ತದೆ. ಒಳಗೆ ಕೊರೆಯುವಾಗ ಟೇಲ್‌ಸ್ಟಾಕ್‌ನ (ಚಕ್‌ನ ಎದುರು ತುದಿಯಿಂದ ಮರವನ್ನು ಒತ್ತಿ ಹಿಡಿಯುವ ಭಾಗ) ಆಸರೆ ಇರುವುದಿಲ್ಲ. ಇಡೀ ಪಾತ್ರೆ ಒಂದು ತುದಿಯಲ್ಲಿ ಚಿಕ್ಕ ಗೂಟದ ಮೇಲೆ ನಿಂತಿರುತ್ತದೆ.

ಗೂಟದ ಅಗಲ ಹೊಟ್ಟೆಯ ಅಗಲದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಬೇಡ. ನಮ್ಮ 100 ಮಿಮೀ ಪಾತ್ರೆಗೆ ನಾನು 50 ಮಿಮೀ ಇಡುತ್ತೇನೆ. ನಿಮ್ಮ ಚಕ್‌ನ ದವಡೆಗಳು ಬಹುತೇಕ ಮುಚ್ಚಿದಾಗ ಯಾವ ಅಗಲ ಹಿಡಿಯುತ್ತವೋ ಅದಕ್ಕೆ ಹತ್ತಿರ ಮಾಡಿ. ದವಡೆ ಪೂರ್ತಿ ದುಂಡಗಾಗುವುದು ಆಗ ಮಾತ್ರ. ಜಾಸ್ತಿ ತೆರೆದರೆ ಪ್ರತಿ ದವಡೆಯ ಮೂಲೆಗಳಷ್ಟೇ ಮರವನ್ನು ಹಿಡಿಯುತ್ತವೆ.

ಗೂಟದ ಉದ್ದ ದವಡೆಯ ಆಳಕ್ಕಿಂತ ಒಂದೆರಡು ಮಿಮೀ ಕಡಿಮೆ ಇರಬೇಕು. ಇದು ತುಂಬ ಜನ ತಪ್ಪುವ ಕಡೆ. "ಉದ್ದ ಇದ್ದಷ್ಟೂ ಗಟ್ಟಿ" ಎಂದು ಉದ್ದ ಬಿಡುತ್ತಾರೆ. ಆಗ ಗೂಟದ ತುದಿ ಚಕ್‌ನ ತಳಕ್ಕೆ ತಾಗಿ ನಿಲ್ಲುತ್ತದೆ, ಪಾತ್ರೆಯ ಭುಜ (ಗೂಟದ ಬುಡದ ಸುತ್ತಲಿನ ಚಪ್ಪಟೆ ಅಂಚು) ದವಡೆಯ ಮೇಲೆ ಕೂರುವುದಿಲ್ಲ. ಪಾತ್ರೆ ಅಲುಗಾಡದಂತೆ ತಡೆಯುವುದು ಆ ಭುಜ. ಗೂಟದ ಕೆಲಸ ಅದನ್ನು ದವಡೆಗೆ ಎಳೆದು ಹಿಡಿಯುವುದಷ್ಟೇ.

ಗೂಟದ ಪಕ್ಕ ನಿಮ್ಮ ದವಡೆಯ ಓರೆಗೆ ಹೊಂದಬೇಕು, ಭುಜ ಚಪ್ಪಟೆಯಾಗಿರಬೇಕು, ಎರಡೂ ಸೇರುವ ಮೂಲೆ ಚೊಕ್ಕವಾಗಿರಬೇಕು. ಚಕ್‌ಗೆ ಹಾಕಿ ಬಿಗಿ ಮಾಡಿದ ಮೇಲೆ ಭುಜಕ್ಕೂ ದವಡೆಗೂ ನಡುವೆ ಕಾಗದದ ಚೂರು ತೂರಿಸಿ ನೋಡಿ. ಎಲ್ಲಾದರೂ ಒಳಗೆ ಹೋದರೆ ಬಿಚ್ಚಿ, ಸರಿಮಾಡಿ. ಹತ್ತು ನಿಮಿಷ ಲೇತ್ ಓಡಿಸಿ, ನಿಲ್ಲಿಸಿ, ಮತ್ತೊಮ್ಮೆ ಬಿಗಿ ಮಾಡಿ. ಹಸಿ ಮರ ದವಡೆಯ ಒತ್ತಡಕ್ಕೆ ಅಮುಕುತ್ತದೆ, ಹಾಗಾಗಿ ಮೊದಲ ಬಿಗಿ ನಿಲ್ಲುವುದಿಲ್ಲ.

ಚಕ್ ಬದಲು ಫೇಸ್‌ಪ್ಲೇಟ್ (ತುಂಡನ್ನು ಸ್ಕ್ರೂ ಹೊಡೆದು ಕೂರಿಸುವ ತಟ್ಟೆ) ಬಳಸುವವರಿಗೆ ಎರಡೇ ಮಾತು. ಮರದ ಎಳೆಗಳು ಕೊನೆಯಾಗುವ ಮುಖದಲ್ಲಿ ಸ್ಕ್ರೂ ಹಿಡಿತ ಕಡಿಮೆ, ಆದ್ದರಿಂದ ಉದ್ದ ಸ್ಕ್ರೂ ಬೇಕು. ಜಿಪ್ಸಂ ಹಲಗೆಗೆ ಬಳಸುವ ಕಪ್ಪು ಸ್ಕ್ರೂ ಬೇಡವೇ ಬೇಡ, ಅದು ಬಾಗುವ ಬದಲು ಪಟ್ಟನೆ ಮುರಿಯುತ್ತದೆ.

## ಹಂತ 3: ಹೊರಮೈ ಕಡೆಯುವುದು

ಟೇಲ್‌ಸ್ಟಾಕ್ ಒತ್ತಿಟ್ಟುಕೊಂಡೇ ಹೊರಗಿನ ಆಕಾರ ಮುಗಿಸಿ. ಶುರುವಿಗೆ ಲೇತ್ ಅತಿ ಕಡಿಮೆ ವೇಗದಲ್ಲಿರಲಿ. ಅದಕ್ಕೂ ಮುಂಚೆ ಕೈಯಿಂದ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗುವುದಿಲ್ಲ ಎಂದು ನೋಡಿ. ತುಂಡು ಓಲಾಡುತ್ತಿರುವಾಗ ವೇಗ ಎರಡು ಪಟ್ಟು ಮಾಡಿದರೆ ಅದು ಎಸೆಯುವ ಬಲ ನಾಲ್ಕು ಪಟ್ಟಾಗುತ್ತದೆ.

ಇಲ್ಲಿ ಒಂದೇ ಎಚ್ಚರ. ಹೊಟ್ಟೆಯಿಂದ ಬುಡಕ್ಕೆ ಇಳಿಯುವ ಗೆರೆ ಸರಾಗವಾಗಿರಲಿ. ಹೊರಗೆ ಒಂದು ಡೊಂಕು ಇದ್ದರೆ ಒಳಗೆ ಕೊರೆಯುವಾಗ ಅದೇ ಡೊಂಕನ್ನು ಕಾಣದೆ ಅನುಸರಿಸಬೇಕು, ಅದು ಆಗದ ಮಾತು. ಬುಡದ ಹತ್ತಿರ ಗೂಟದ ಮೇಲೆ ಸ್ವಲ್ಪ ಹೆಚ್ಚು ಮರ ಬಿಟ್ಟಿರಿ. ಅಂದವಾಗಿ ಕಾಣಲಿ ಎಂದು ಈಗಲೇ ಬುಡ ಸಣ್ಣ ಮಾಡಿದರೆ ಕೊರೆಯುವಾಗ ಇಡೀ ಪಾತ್ರೆ ನಡುಗುತ್ತದೆ. ಆ ಅಂದಕ್ಕೆ ಕೊನೆಯಲ್ಲಿ ಸಮಯವಿದೆ.

## ಹಂತ 4: ಆಳದ ತೂತು

ನನ್ನ ಮೊದಲ "ತಳವಿಲ್ಲದ ಪಾತ್ರೆ" ಆಗಿದ್ದು ಈ ಹಂತದಲ್ಲಿ. ಗೋಡೆ ಒಂದೇ ಸಮ ಬಂದಿತ್ತು, ಒಳಗು ನುಣುಪಾಗಿತ್ತು, ಖುಷಿಯೋ ಖುಷಿ. ಕೊನೆಗೆ ಗೂಟ ಕತ್ತರಿಸಿದೆ. ತೂತಿನಿಂದ ಆಚೆ ಬೆಳಕು ಕಂಡಿತು. ಬಾಯಿಯಿಂದ ಗೂಟದ ತುದಿಯವರೆಗೆ ಅಳೆದು ಆಳದ ಲೆಕ್ಕ ಹಾಕಿದ್ದೆ. ಗೂಟದ 10 ಮಿಮೀ ಕೊನೆಗೆ ಹೋಗುವಂಥದ್ದು ಎಂಬುದೇ ಮರೆತಿತ್ತು.

ಲೆಕ್ಕ ಹೀಗೆ ಹಾಕಿ. ಬಾಯಿಯ ಅಂಚಿನಿಂದ ಭುಜದವರೆಗೆ 120 ಮಿಮೀ. ಗೂಟ ಇದರಲ್ಲಿಲ್ಲ. ತಳ 10 ಮಿಮೀ ದಪ್ಪ ಬೇಕು, ಅಂದರೆ ಒಳಗಿನ ಆಳ 110. ತಳವನ್ನು ಕೊನೆಯಲ್ಲಿ ನುಣುಪು ಮಾಡಲು 3 ಮಿಮೀ ಬಿಡಿ. ಡ್ರಿಲ್ 107ಕ್ಕೆ ನಿಲ್ಲಬೇಕು. ಈ 107 ಬಿಟ್‌ನ ಚೂಪು ತುದಿಯಿಂದಲೇ ಎಣಿಸಬೇಕು, ಅದರ ಅಂಚಿನಿಂದಲ್ಲ. ಸುರುಳಿ ಬಿಟ್‌ನ ಚೂಪು ಅದರ ಅಗಲದ ಸುಮಾರು ಮೂರನೇ ಒಂದು ಭಾಗದಷ್ಟು ಮುಂದೆ ಇರುತ್ತದೆ. 25 ಮಿಮೀ ಬಿಟ್‌ಗೆ ಅದೇ 7-8 ಮಿಮೀ ಆಯಿತು. ತಳ ತೂತಾಗಲು ಅಷ್ಟು ಸಾಕು.

ಬಿಟ್ ಮೇಲೆ ಟೇಪ್ ಸುತ್ತಿ ಗುರುತು ಮಾಡಿ. ಟೇಪ್ ಜಾರುತ್ತದೆ, ಆದ್ದರಿಂದ ಟೇಪ್‌ನ ಅಂಚಿನಲ್ಲಿ ಮಾರ್ಕರ್‌ನಿಂದ ಗೆರೆಯನ್ನೂ ಎಳೆಯಿರಿ. ಲೇತ್ 400-500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಸಾಕು. ಪ್ರತಿ 20 ಮಿಮೀಗೆ ಒಮ್ಮೆ ಬಿಟ್ ಹಿಂದೆ ತಂದು ಹೊಟ್ಟು ತೆಗೆಯಿರಿ. ಹಿಂದೆ ತರುವಾಗ ಒಂದು ಕೈ ಟೇಲ್‌ಸ್ಟಾಕ್‌ನಲ್ಲಿ ಕೂತ ಡ್ರಿಲ್ ಚಕ್ ಮೇಲಿರಲಿ. ಇಲ್ಲದಿದ್ದರೆ ಬಿಟ್ ಮರದಲ್ಲಿ ಸಿಕ್ಕಿಕೊಂಡು ಚಕ್ ಟೇಲ್‌ಸ್ಟಾಕ್‌ನಿಂದ ಕಳಚಿ ಮರದ ಜೊತೆಗೇ ಗಿರಗಿರ ತಿರುಗಲು ಶುರುವಾಗುತ್ತದೆ. ಹೊಗೆ ಬಂದರೆ ನಿಲ್ಲಿಸಿ. ಬಿಟ್ ಮೊಂಡಾಗಿದೆ, ಇಲ್ಲವೇ ತೂತಿನಲ್ಲಿ ಹೊಟ್ಟು ತುಂಬಿದೆ.

## ಹಂತ 5: ಟೂಲ್ ರೆಸ್ಟ್ ಮತ್ತು ಮೊನೆಯ ಎತ್ತರ

ಟೂಲ್ ರೆಸ್ಟ್ (ಟೂಲ್ ಊರುವ ಪಟ್ಟಿ) ಬಾಯಿಗೆ ಆದಷ್ಟು ಹತ್ತಿರ ಇರಲಿ, ಕೈಯಿಂದ ತಿರುಗಿಸಿದರೆ ತಾಗದಷ್ಟು ಮಾತ್ರ ದೂರ. ಮೊನೆ ರೆಸ್ಟ್‌ನಿಂದ ಎಷ್ಟು ಆಚೆ ಇದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಈ ದೂರ ಎರಡು ಪಟ್ಟಾದರೆ ಅದೇ ಸರಳು ಅದೇ ಒತ್ತಡಕ್ಕೆ ಎಂಟು ಪಟ್ಟು ಬಾಗುತ್ತದೆ. 60 ಮಿಮೀ ಆಳದಲ್ಲಿ ಸುಮ್ನೆ ಹೋಗುತ್ತಿದ್ದ ಟೂಲ್ 120ರಲ್ಲಿ ಹುಚ್ಚು ಹಿಡಿದಂತೆ ಕುಣಿಯುವುದು ಇದೇ ಕಾರಣಕ್ಕೆ.

ಕೈಗೆ ಬೀಳುವ ಭಾರವೂ ಹಾಗೆಯೇ. ನಿಮ್ಮ ಹಿಂದಿನ ಕೈ ರೆಸ್ಟ್‌ನಿಂದ 400 ಮಿಮೀ ದೂರದಲ್ಲಿದೆ ಅನ್ನಿ. ಮೊನೆ 50 ಮಿಮೀ ಒಳಗಿದ್ದಾಗ ಅದರ ಮೇಲೆ ಬಿದ್ದ ಬಲದ ಎಂಟನೇ ಒಂದು ಭಾಗ ಕೈಗೆ ಬರುತ್ತದೆ. 130 ಮಿಮೀ ಒಳಗಿದ್ದಾಗ ಸುಮಾರು ಮೂರನೇ ಒಂದು ಭಾಗ. ಹಿಡಿಕೆ ಉದ್ದ ಇರಲಿ, ಅದರ ತುದಿ ಮೊಣಕೈ ಅಡಿಯಲ್ಲಿ ಪಕ್ಕೆಗೆ ಒತ್ತಿರಲಿ.

ಈಗ ಎತ್ತರ. ಒಳಗೆ ಕೊರೆಯುವಾಗ ಮೊನೆ ಸರಿಯಾಗಿ ನಡುಮಟ್ಟದಲ್ಲಿ (ಮರ ತಿರುಗುವ ನಡುಗೆರೆಯ ಎತ್ತರದಲ್ಲಿ) ಇರಬೇಕು, ಇಲ್ಲವೇ ಕೂದಲೆಳೆಯಷ್ಟು ಮೇಲೆ. ಕೆಳಗೆ ಮಾತ್ರ ಬೇಡ. ನಿಮ್ಮ ಕಡೆಯ ಗೋಡೆ ಮೇಲಿನಿಂದ ಕೆಳಕ್ಕೆ ತಿರುಗುತ್ತಾ ಮೊನೆಯನ್ನು ಕೆಳಕ್ಕೆ ತಳ್ಳುತ್ತದೆ. ಮೊನೆ ನಡುವಿಗಿಂತ ಮೇಲಿದ್ದರೆ ಕೆಳಗಿಳಿದಂತೆ ಗೋಡೆ ಅದರಿಂದ ದೂರವಾಗುತ್ತದೆ, ಕಡಿತ ತಾನಾಗಿ ಬಿಡುತ್ತದೆ. ನಡುವಿಗಿಂತ ಕೆಳಗಿದ್ದರೆ ಇಳಿದಷ್ಟೂ ಗೋಡೆ ಹತ್ತಿರವಾಗುತ್ತದೆ, ಮೊನೆ ಹೂತುಕೊಳ್ಳುತ್ತದೆ. ಕಚ್ಚಿಕೊಳ್ಳುವುದು ಅಂದರೆ ಇದೇ. ಹೊರಮೈಗೆ ಸ್ಕ್ರೇಪರ್ ಹಿಡಿಯುವಾಗ ಇದು ತಿರುಗುಮುರುಗು, ಅಲ್ಲಿ ನಡುವಿಗಿಂತ ಸ್ವಲ್ಪ ಕೆಳಗೆ ಇರುವುದು ಕ್ಷೇಮ. ಎರಡನ್ನೂ ಒಂದೇ ಎತ್ತರದಲ್ಲಿ ಮಾಡುವವರು ಒಳಗೆ ಹೋದ ಕೂಡಲೇ ಪೆಟ್ಟು ತಿನ್ನುತ್ತಾರೆ.

ಆಳ ಹೋದಂತೆ ಸರಳು ಬಾಗಿ ಮೊನೆ ತಾನಾಗಿ ಕೆಳಗಿಳಿಯುತ್ತದೆ. ಆದ್ದರಿಂದ ಪ್ರತಿ 30 ಮಿಮೀಗೆ ರೆಸ್ಟ್‌ನ ಎತ್ತರ ಮತ್ತೆ ನೋಡಿ. ಹಿಡಿಕೆ ಮೊನೆಗಿಂತ ಸ್ವಲ್ಪವೇ ಎತ್ತರದಲ್ಲಿರಲಿ.

## ಹಂತ 6: ಕೊರೆತ

ಲೇತ್ ನಿಲ್ಲಿಸಿ. ಟೂಲ್ ಒಳಗೆ ತೂರಿಸಿ. ಸರಳು ರೆಸ್ಟ್ ಮೇಲೆ ಕೂತಿದೆ, ಮೊನೆ ಎಲ್ಲೂ ತಾಗುತ್ತಿಲ್ಲ ಎಂದು ನೋಡಿ. ಆಮೇಲೆ ಲೇತ್ ಶುರು ಮಾಡಿ. ಹೊರಗೆ ತೆಗೆಯುವಾಗಲೂ ಅಷ್ಟೇ: ಮೊದಲು ಲೇತ್ ನಿಲ್ಲಬೇಕು, ಆಮೇಲೆ ಟೂಲ್ ಬರಬೇಕು. ತಿರುಗುತ್ತಿರುವ 40 ಮಿಮೀ ಬಾಯಿಯಿಂದ ಬಾಗಿದ ಟೂಲ್ ಎಳೆಯಲು ಹೋದರೆ ಪಾತ್ರೆಯ ಕುತ್ತಿಗೆ ಚೂರಾಗುತ್ತದೆ. ಸೋಮಾರಿತನಕ್ಕೆ ನಾನು ಎರಡು ಕುತ್ತಿಗೆ ತೆತ್ತಿದ್ದೇನೆ.

ನೀವು ನಿಲ್ಲುವ ಜಾಗವೂ ಮುಖ್ಯ. ಪಾತ್ರೆ ತಿರುಗುವ ಸಾಲಿನಲ್ಲಿ, ಅಂದರೆ ಒಡೆದರೆ ಚೂರು ಹಾರುವ ದಾರಿಯಲ್ಲಿ ಮುಖ ಇಡಬೇಡಿ. ನಮ್ಮ ಪಾತ್ರೆಗೆ 600ರಿಂದ 900 ಆರ್‌ಪಿಎಂ ಸಾಕು.

ಮೊದಲು ನೇರ ಟೂಲ್. ಡ್ರಿಲ್ ಮಾಡಿದ ತೂತಿನಿಂದ ಶುರು ಮಾಡಿ ಹೊರಗಡೆಗೆ ಎಳೆಯುತ್ತಾ ತೂತನ್ನು ಅಗಲ ಮಾಡಿ. ಒಂದು ಸಲಕ್ಕೆ ಒಂದೆರಡು ಮಿಮೀ ಸಾಕು. ನೇರ ಟೂಲ್ ತಲುಪದ ಹೆಗಲಿನ (ಬಾಯಿಯಿಂದ ಹೊಟ್ಟೆಗೆ ಅಗಲವಾಗುವ ಮೇಲ್ಭಾಗ) ಒಳಭಾಗಕ್ಕೆ ಬಾಗಿದ ಟೂಲ್ ಬೇಕು. ಅದರ ನೇರ ಸರಳು ಮಾತ್ರ ರೆಸ್ಟ್ ಮೇಲೆ ಇರಲಿ, ಬಾಗು ಎಂದಿಗೂ ರೆಸ್ಟ್ ಮೇಲೆ ಬರಬಾರದು. ಮೊನೆ ಸರಳಿನ ಗೆರೆಯಿಂದ ಪಕ್ಕಕ್ಕಿರುವುದರಿಂದ ಟೂಲ್ ಕೈಯಲ್ಲಿ ತಿರುಚಿಕೊಳ್ಳಲು ನೋಡುತ್ತದೆ. ಬಾಗು ರೆಸ್ಟ್‌ಗೆ ಬಂದರೆ ಆ ತಿರುಚು ತಡೆಯಲಾಗುವುದಿಲ್ಲ, ಮಣಿಕಟ್ಟಿಗೆ ಪೆಟ್ಟು ಬೀಳುತ್ತದೆ.

ಈಗ ಎಲ್ಲಕ್ಕಿಂತ ದೊಡ್ಡ ಮಾತು. ಮೊದಲು ಪೂರ್ತಿ ಆಳಕ್ಕೆ ಹೋಗಿ ಆಮೇಲೆ ಗೋಡೆ ತೆಳು ಮಾಡೋಣ ಎಂದು ಹೊರಡಬೇಡಿ. ಬಾಯಿಯಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ. ಮೇಲಿನ 30 ಮಿಮೀ ಗೋಡೆಯನ್ನು ಕೊನೆಯ ದಪ್ಪಕ್ಕೆ ತನ್ನಿ, ನುಣುಪು ಮಾಡಿ, ಅಳೆಯಿರಿ. ಆಮೇಲೆ ಮುಂದಿನ 30. ಕೆಳಗಿನ ದಪ್ಪ ಮರ ಮೇಲಿನ ಗೋಡೆಗೆ ಆಸರೆ ಕೊಡುತ್ತಿರುತ್ತದೆ. ಒಮ್ಮೆ ಕೆಳಗೆ ಹೋದ ಮೇಲೆ "ಮೇಲೆ ಇನ್ನೊಂಚೂರು ತೆಗೆಯೋಣ" ಎಂದು ವಾಪಸ್ ಬರಬೇಡಿ. ಆಗ ಆಸರೆ ಹೋಗಿರುತ್ತದೆ, ಹಸಿ ಮರವಾದರೆ ಗೋಡೆ ಆಗಲೇ ವಕ್ರವಾಗಿರುತ್ತದೆ. ಹೆಗಲಿನಲ್ಲಿ ಒಡೆದ ಪಾತ್ರೆಗಳಲ್ಲಿ ಹೆಚ್ಚಿನವು ಹೀಗೆ ವಾಪಸ್ ಬಂದಾಗ ಒಡೆದವು.

ಹೊಟ್ಟಿನ ವಿಷಯ. ಬಾಯಿ ಚಿಕ್ಕದು, ಹೊಟ್ಟು ತಾನಾಗಿ ಹೊರಬರುವುದಿಲ್ಲ. ಗೋಡೆಗೆ ಅಂಟಿ ಟೂಲ್ ಸುತ್ತ ಗಟ್ಟಿಯಾಗುತ್ತದೆ, ಹಸಿ ಮರದಲ್ಲಂತೂ ಕೆಸರಿನ ಹಾಗೆ. ಮೊನೆ ಮರವನ್ನು ಕೊರೆಯುತ್ತಿದೆಯೋ ಹೊಟ್ಟನ್ನು ಕಲಕುತ್ತಿದೆಯೋ ತಿಳಿಯುವುದಿಲ್ಲ. ಅರ್ಧ ನಿಮಿಷಕ್ಕೊಮ್ಮೆ ನಿಲ್ಲಿಸಿ ಗಾಳಿ ಊದಿ ತೆಗೆಯಿರಿ. ಊದುವಾಗ ಶೀಲ್ಡ್ ಮೇಲೆತ್ತಬೇಡಿ, ಹೊಟ್ಟು ನೇರ ಮುಖಕ್ಕೇ ಬರುತ್ತದೆ.

ಸಾಣೆಯನ್ನು ಕಡೆಗಣಿಸಬೇಡಿ. ಸುರುಳಿ ಬರುವುದು ನಿಂತು ಬರೀ ಧೂಳು ಬರುತ್ತಿದ್ದರೆ ಮೊನೆ ಮೊಂಡಾಗಿದೆ. ಮೊಂಡು ಮೊನೆಗೆ ನಾವು ಒತ್ತಡ ಹಾಕುತ್ತೇವೆ, ಒತ್ತಿದರೆ ಸರಳು ಬಾಗುತ್ತದೆ, ಬಾಗಿದರೆ ಕಚ್ಚಿಕೊಳ್ಳುತ್ತದೆ. ಕಾರ್ಬೈಡ್ ಮೊನೆಯಾದರೆ ಸ್ವಲ್ಪ ತಿರುಗಿಸಿ ಹೊಸ ಅಂಚು ಮುಂದೆ ತನ್ನಿ.

## ಹಂತ 7: ಗೋಡೆಯ ದಪ್ಪ ಅಳೆಯುವುದು

ಕೈಗೆ ಅಂದಾಜು ಸಿಗುತ್ತದೆ ಎಂದು ನಂಬಬೇಡಿ. ಹೊರಗಿನಿಂದ ಬೆರಳು ಇಟ್ಟು ನೋಡಿದರೆ 8 ಮಿಮೀ ಮತ್ತು 4 ಮಿಮೀ ಒಂದೇ ಥರ ಅನಿಸುತ್ತದೆ.

ತಂತಿ ಕ್ಯಾಲಿಪರ್ ಹೀಗೆ ಮಾಡಿ. ಗಟ್ಟಿ ತಂತಿಯನ್ನು ಉದ್ದನೆಯ ಯು ಆಕಾರಕ್ಕೆ ಬಗ್ಗಿಸಿ. ಎರಡು ತುದಿಗಳು ಒಂದಕ್ಕೊಂದು ಎದುರಾಗಿರಲಿ, ನಡುವಿನ ಅಂತರ ಸರಿಯಾಗಿ 10 ಮಿಮೀ ಇರಲಿ. ಒಂದು ತುದಿ ಒಳಗೆ, ಇನ್ನೊಂದು ಹೊರಗೆ. ಒಳತುದಿ ಗೋಡೆಗೆ ತಾಗಿರುವಾಗ ಹೊರತುದಿಗೂ ಹೊರಮೈಗೂ 4 ಮಿಮೀ ಜಾಗ ಕಂಡರೆ ಗೋಡೆ 6 ಮಿಮೀ. ಅಷ್ಟೇ. ಮೊದಲ ಪಾತ್ರೆಗೆ 6 ಮಿಮೀ ಗುರಿ ಇರಲಿ, 3 ಮಿಮೀ ಮಾಡುವ ಹಟ ಬೇಡ.

ಪ್ರತಿ 20 ಮಿಮೀಗೆ ಅಳೆದು ಹೊರಮೈ ಮೇಲೆ ಪೆನ್ಸಿಲ್‌ನಿಂದ ಅಂಕಿ ಬರೆಯಿರಿ. ಸುತ್ತಲೂ ನಾಲ್ಕು ಕಡೆ ಅಳೆಯಿರಿ, ಒಂದೇ ಕಡೆ ಸಾಲದು. ಲೇತ್ ಪೂರ್ತಿ ನಿಂತಿರಬೇಕು ಎಂದು ಬೇರೆ ಹೇಳಬೇಕಿಲ್ಲ.

ಹೊಟ್ಟೆಯಿಂದ ಬುಡಕ್ಕೆ ತಿರುಗುವ ಕೆಳಗಿನ ಬಾಗಿನಲ್ಲಿ ದುಪ್ಪಟ್ಟು ಸಲ ಅಳೆಯಿರಿ. ಹೊರಗೆ ಗೆರೆ ಒಳಕ್ಕೆ ಬಾಗುತ್ತಿರುತ್ತದೆ, ಒಳಗೆ ಟೂಲ್ ನೇರ ಕೆಳಗೆ ಹೋಗುತ್ತಿರುತ್ತದೆ. ಎರಡು ಗೆರೆ ಸೇರುವುದು ಅಲ್ಲೇ. ಪಕ್ಕದಲ್ಲಿ ತೂತು ಬೀಳುವುದೂ ಅಲ್ಲೇ.

## ಹಂತ 8: ತಳ ಸೇರುವುದು

ಆಳದ ಕಡ್ಡಿಯನ್ನು ಬಾಯಿಯ ಮೇಲೆ ಅಡ್ಡಪಟ್ಟಿ ಇಟ್ಟು ಇಳಿಸಿ ಅಳೆಯಿರಿ. 107 ಬಂತೇ? ಡ್ರಿಲ್‌ನ ಗುರುತು ಇನ್ನೂ ಕಾಣುತ್ತಿದೆಯೇ? ಕೊನೆಯ 3 ಮಿಮೀಯನ್ನು ತೆಳು ತೆಳುವಾಗಿ ನಡುವಿನಿಂದ ಹೊರಗೆ ತೆಗೆಯಿರಿ, ಪ್ರತಿ ಸಲವೂ ಅಳೆಯಿರಿ. ಡ್ರಿಲ್‌ನ ಚೂಪು ಗುಳಿ ಹೋಗುತ್ತಿಲ್ಲ ಎಂದು ಇನ್ನಷ್ಟು ಆಳಕ್ಕೆ ಹೋಗಬೇಡಿ. ಗುಳಿ ಇರಲಿ. 40 ಮಿಮೀ ಬಾಯಿಯಿಂದ ಅದನ್ನು ನೋಡುವವರು ಯಾರು?

## ಹಂತ 9: ಒಳಗೆ ಉಜ್ಜುವುದು

ಬೆರಳು ಒಳಗೆ ಹಾಕಿ ಉಜ್ಜಬೇಡಿ, ಲೇತ್ ಎಷ್ಟೇ ನಿಧಾನ ತಿರುಗುತ್ತಿರಲಿ. ಬಟ್ಟೆ ಸುತ್ತಿಯೂ ಬೇಡ, ಅದು ಸಿಕ್ಕಿಕೊಂಡರೆ ಬೆರಳನ್ನು ಬಿಡುವುದಿಲ್ಲ. ಕೋಲಿನ ತುದಿಗೆ ಸ್ಪಂಜ್, ಅದರ ಮೇಲೆ ಉಜ್ಜುಕಾಗದ. ಒಂದೇ ಜಾಗದಲ್ಲಿ ಒತ್ತಿ ಹಿಡಿದರೆ ಮರ ಬಿಸಿಯಾಗಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಕೋಲಿಗೆ ಸಿಗುವಷ್ಟು ಆಳ ಉಜ್ಜಿದರೆ ಸಾಕು.

## ಹಂತ 10: ಬುಡ ಮುಗಿಸುವುದು

ಬೇಡದ ಮರದ ತುಂಡೊಂದನ್ನು ಚಕ್‌ಗೆ ಹಾಕಿ, ಪಾತ್ರೆಯ ಬಾಯಿ ಅದರ ಮೇಲೆ ಕೂರುವಂತೆ ಕಡೆಯಿರಿ. ನಡುವೆ ತೆಳು ಫೋಮ್ ಇಡಿ. ಪಾತ್ರೆಯನ್ನು ಬೋರಲಾಗಿ ಕೂರಿಸಿ, ಗೂಟದ ಕಡೆಯಿಂದ ಟೇಲ್‌ಸ್ಟಾಕ್ ಒತ್ತಿ. ಹಗುರವಾಗಿ ಒತ್ತಿ, ಜಾಸ್ತಿ ಒತ್ತಿದರೆ ಬಾಯಿ ಸೀಳುತ್ತದೆ.

ಗೂಟವನ್ನು ಸುತ್ತಲಿನಿಂದ ತೆಗೆಯುತ್ತಾ ನಡುವೆ ಹೆಬ್ಬೆರಳಿಗಿಂತ ಸಣ್ಣ ಕಡ್ಡಿ ಉಳಿಯುವವರೆಗೆ ಹೋಗಿ. ಅಲ್ಲಿ ನಿಲ್ಲಿಸಿ. ಉಳಿದದ್ದನ್ನು ಗರಗಸದಿಂದ ಕುಯ್ದು ಉಳಿಯಿಂದ ನಯ ಮಾಡಿ. ಪಾತ್ರೆ ಅಲುಗದೆ ಕೂರಲಿ ಎಂದು ಬುಡವನ್ನು ಸ್ವಲ್ಪ ಒಳಕ್ಕೆ ಗುಳಿ ಮಾಡುತ್ತೇವೆ. ಆ ಗುಳಿಯೂ ತಳದ 10 ಮಿಮೀ ಲೆಕ್ಕದಲ್ಲೇ ಹೋಗುತ್ತದೆ, 2 ಮಿಮೀ ಮೀರಬೇಡಿ.

## ಕೂಡಲೇ ಲೇತ್ ನಿಲ್ಲಿಸಬೇಕಾದ ಹೊತ್ತು

ಸದ್ದು ಬದಲಾದಾಗ. ಗಟ್ಟಿ ಸದ್ದು ಇದ್ದಕ್ಕಿದ್ದಂತೆ ಟೊಳ್ಳಾದರೆ ಗೋಡೆ ತೆಳುವಾಗಿದೆ. ಟಿಕ್ ಟಿಕ್ ಎಂದು ಪ್ರತಿ ಸುತ್ತಿಗೂ ಒಂದು ಸದ್ದು ಬಂದರೆ ಬಿರುಕು ಬಿಟ್ಟಿದೆ, ಇಲ್ಲವೇ ತೊಗಟೆಯ ಚೂರು ಸಡಿಲವಾಗಿದೆ. "ಇನ್ನೊಂದೇ ಸುತ್ತು" ಎಂಬ ಮಾತು ಬಾಯಿಗೆ ಬಂದರೂ ನಿಲ್ಲಿಸಿ. ನನ್ನ ಅರ್ಧ ಪಾತ್ರೆಗಳು ಆ ಒಂದು ಸುತ್ತಿನಲ್ಲಿ ಹೋಗಿವೆ.

ಬಾಯಿ ಓಲಾಡಲು ಶುರುವಾದರೆ ಗೂಟ ಜಾರಿದೆ. ಹಿಡಿಕೆ ಕೈಯಲ್ಲಿ ಗರಗರ ನಡುಗಿದರೆ ಮೊನೆ ಮೊಂಡು, ಇಲ್ಲವೇ ರೆಸ್ಟ್ ದೂರ. ಒಮ್ಮೆ ಜೋರಾಗಿ ಕಚ್ಚಿಕೊಂಡ ಮೇಲೆ ಏನೂ ಆಗಿಲ್ಲ ಎಂದು ಕಂಡರೂ ಲೇತ್ ನಿಲ್ಲಿಸಿ ಗೂಟ, ಭುಜ, ಗೋಡೆ ಮೂರನ್ನೂ ಬೆಳಕಿನಲ್ಲಿ ನೋಡಿ. ಬಿರುಕು ಬಿಟ್ಟ ಪಾತ್ರೆಗೆ ಅಂಟು ಹಾಕಿ ಮತ್ತೆ ತಿರುಗಿಸುವವರಿದ್ದಾರೆ. ನಾನು ಮಾಡುವುದಿಲ್ಲ.

## ಒಡೆದದ್ದನ್ನು ಕುಯ್ದು ಓದುವುದು

ಒಡೆದ ಪಾತ್ರೆಯನ್ನು ಬಾಯಿಯಿಂದ ಬುಡದವರೆಗೆ ಉದ್ದಕ್ಕೆ ಎರಡು ಹೋಳು ಮಾಡಿ. ಬ್ಯಾಂಡ್‌ಸಾ ಬೇಡ, ದುಂಡು ಪಾತ್ರೆ ಅದರಲ್ಲಿ ಉರುಳಿ ಬ್ಲೇಡ್‌ಗೆ ಸಿಕ್ಕಿಕೊಳ್ಳುತ್ತದೆ. ಕ್ಲಾಂಪ್ ಹಾಕಿ ಕೈಗರಗಸದಿಂದ ಕುಯ್ಯಿರಿ. ಕುಯ್ದ ಅಂಚಿನ ಮೇಲೆ ಪ್ರತಿ 20 ಮಿಮೀಗೆ ದಪ್ಪ ಬರೆಯಿರಿ.

ದಪ್ಪ ಮೇಲಿಂದ ಕೆಳಕ್ಕೆ ಏರುಪೇರಾಗಿದೆಯೇ? ಆಗ ತಪ್ಪು ಅಳತೆಯದು, ಏಳನೇ ಹಂತಕ್ಕೆ ಹೋಗಿ. ಹೆಗಲು ದಪ್ಪ, ಹೊಟ್ಟೆ ತೆಳು ಇದ್ದರೆ ಬಾಗಿದ ಟೂಲ್ ಬಳಸಬೇಕಾದ ಕಡೆ ನೇರ ಟೂಲ್‌ನಲ್ಲೇ ಒದ್ದಾಡಿದ್ದೀರಿ.

ಒಂದೇ ಎತ್ತರದಲ್ಲಿ ಒಂದು ಪಕ್ಕ 8, ಎದುರು ಪಕ್ಕ 4 ಇದೆಯೇ? ಇದಕ್ಕೆ ಕೈ ಕಾರಣವಾಗುವುದಿಲ್ಲ. ತಿರುಗುವ ಮರಕ್ಕೆ ಒಂದೇ ಕಡೆ ನಿಂತ ಮೊನೆ ಸುತ್ತಲೂ ಒಂದೇ ಸಮ ಕೊರೆಯುತ್ತದೆ. ಹೊರಮೈ ಮುಗಿದ ಮೇಲೆ ಪಾತ್ರೆ ಚಕ್‌ನಲ್ಲಿ ಜಾರಿದೆ, ಇಲ್ಲವೇ ಹಸಿ ಮರ ನಡುವೆ ವಕ್ರವಾಗಿದೆ. ಎರಡನೇ ಹಂತ, ಇಲ್ಲವೇ ಒಂದನೆಯದು. ನಾನು ತಿಂಗಳುಗಟ್ಟಲೆ ಕೈ ಪಳಗಿಸಲು ಒದ್ದಾಡಿದ್ದು ಇದೊಂದನ್ನು ತಿಳಿಯದೆ.

ಗೋಡೆಯ ಒಳಗೆ ಸುರುಳಿ ಸುರುಳಿ ಗೀರು ಇದ್ದರೆ ಅದು ನಡುಕದ ಗುರುತು. ಗೀರು ಯಾವ ಆಳದಲ್ಲಿ ಶುರುವಾಗಿದೆ ಎಂದು ಅಳೆಯಿರಿ. ನಿಮ್ಮ ಸರಳಿನ ಮಿತಿ ಅದೇ. ಆ ಅಂಕಿಯನ್ನು ಹಿಡಿಕೆಯ ಮೇಲೆ ಬರೆದಿಡಿ, ಅದಕ್ಕಿಂತ ಆಳಕ್ಕೆ ದಪ್ಪ ಸರಳು ಬೇಕು.

ಗೂಟ ಮುರಿದಿದ್ದರೆ ಅದರ ತುದಿ ನೋಡಿ. ತುದಿ ಒತ್ತಿ ಹೊಳೆಯುತ್ತಿದ್ದರೆ ಚಕ್‌ನ ತಳಕ್ಕೆ ತಾಗಿ ನಿಂತಿತ್ತು. ಪಕ್ಕದಲ್ಲಿ ದವಡೆಯ ಮೂಲೆಗಳ ಗುರುತು ಆಳವಾಗಿ ಮೂಡಿದ್ದರೆ ಗೂಟದ ಅಗಲ ದವಡೆಗೆ ಹೊಂದಿರಲಿಲ್ಲ.

ಮುಂದಿನ ತುಂಡು ಅದೇ ಮರ, ಅದೇ 120 ಮತ್ತು 100, ಅದೇ ಬಾಯಿ ಇರಲಿ. ಕುಯ್ದು ನೋಡಿದ್ದರಲ್ಲಿ ಸಿಕ್ಕ ಒಂದು ತಪ್ಪನ್ನು ಮಾತ್ರ ಈ ಸಲ ಸರಿಮಾಡಿ. ಒಟ್ಟಿಗೆ ಮೂರು ಬದಲಾಯಿಸಿ ಪಾತ್ರೆ ಉಳಿದರೆ ಯಾವುದರಿಂದ ಉಳಿಯಿತು ಎಂದು ಗೊತ್ತಾಗುವುದಿಲ್ಲ. ಹಳೆಯ ಹೋಳನ್ನು ಲೇತ್ ಹಿಂದಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿ, ಕೊರೆಯುವಾಗ ಕಣ್ಣಿಗೆ ಬೀಳುವಂತೆ.